ಹೊಟ್ಟೆ ಸಣ್ಣದು ಮಾಡಿಸುವ ಮುಂಚೆ

ಹೊಟ್ಟೆಯನ್ನು ಕತ್ತರಿಸಿ ಸಣ್ಣದು ಮಾಡುತ್ತಾರೆ ಎಂಬ ಸುದ್ದಿಯನ್ನು ನನಗೆ ಮೊಟ್ಟಮೊದಲು ಹೇಳಿದವಳು ನಮ್ಮ ಸುರಪುರದ ಬಳೆ ತೊಡಿಸುವ ಖಾಲಾ. ಡಾಕ್ಟರು ಹೇಳಿದ್ದು ಆಮೇಲೆ. ಅವಳು ಹೇಳಿದ ಗಳಿಗೆಯಿಂದ ಒಂದಿಲ್ಲೊಂದು ಆಗುತ್ತಲೇ ಇದೆ. ದಪ್ಪ ಇರುವವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಬಾಗಿಲು ಹಾಕಿಕೊಂಡು ಕೂತರೂ ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ಆಗುವಾಗೆಲ್ಲ ನೆಲ ಬಾಯಿ ತೆರೆದರೆ ಸಾಕು ಅನ್ನಿಸಿತ್ತು. ಈಗ ಹೇಳುವಾಗ ನಗು ಬರುತ್ತದೆ. ಕಿವಿ ಮಾತ್ರ ಇನ್ನೂ ಬಿಸಿಯಾಗುತ್ತದೆ.

೧. ಬಳೆ

ಪಂಚಮಿ ಮುಂದಿಟ್ಟುಕೊಂಡು ಖಾಲಾ ನಮ್ಮ ಓಣಿಗೆ ಬರುತ್ತಾಳೆ. ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸಿ, ಹಿಟ್ಟು ನಾದಿದ ಹಾಗೆ ನನ್ನ ಕೈ ನಾದುತ್ತಾಳೆ. ಆ ವರ್ಷ ಎಷ್ಟು ನಾದಿದರೂ ಬಳೆ ಹೆಬ್ಬೆರಳಿನ ಗುಡ್ಡ ದಾಟಲಿಲ್ಲ.

"ಕೈ ಸಡ್ಲ ಬಿಡು ಬೇಟಿ."

"ಬಿಟ್ಟೀನಿ ಖಾಲಾ."

"ಇದು ಸಡ್ಲ ಬಿಟ್ಟಿದ್ದಾ? ಯಾ ಅಲ್ಲಾ!"

ಸಾಬೂನು ಹಚ್ಚಿದಳು, ಎಣ್ಣೆ ಹಚ್ಚಿದಳು. ಚಟ್ ಅಂತ ಒಂದು ಒಡೆಯಿತು, ಇನ್ನೊಂದು ಒಡೆಯಿತು. ಸುತ್ತ ಕೂತ ಹೆಂಗಸರು ಮುಖ ಆಚೆ ತಿರುಗಿಸಿ ಸೆರಗಿನಲ್ಲಿ ನಕ್ಕರು. ತೊಡಿಸುವಾಗ ಒಡೆದ ಬಳೆಯ ನಷ್ಟ ಬಳೆಗಾರರದೇ ಎನ್ನುವುದು ನಮ್ಮ ಕಡೆಯ ರಿವಾಜು. ಕಟ್ಟೆಯ ಮೇಲೆ ಹಸಿರು ಗಾಜಿನ ರಾಶಿ ಬೆಳೆಯುತ್ತಿದ್ದಂತೆ ಖಾಲಾನ ಮುಖ ಬಾಡಿತು. ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿದಳು. ಕಿವಿಯ ಹತ್ತಿರ ಬಗ್ಗಿದ್ದಷ್ಟೇ, ದನಿ ಓಣಿಗೆಲ್ಲ ಕೇಳುವಂತಿತ್ತು.

"ನನ್ನ ಸೊಸಿ ಅಕ್ಕ ಹೈದರಾಬಾದ್‌ದಾಗ ಹೊಟ್ಟಿ ಸಣ್ಣದು ಮಾಡಿಸ್ಯಾಳ. ಒಳಗ ಕತ್ತರಿಸಿ ಹೊಲಿತಾರಂತ, ನಮ್ಮ ಸಲ್ವಾರಿಗೆ ಟಾಕಿ ಹಾಕಿದಂಗ. ನೀನೂ ಮಾಡಸ್ಕೊ ಬೇಟಿ. ನಿನಗೂ ಆರಾಮ, ನನಗೂ ನುಕ್ಸಾನ್ ಇಲ್ಲ."

೨. ಪಾಠ

ನಾನು ಶಹಾಪುರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗೃಹ ವಿಜ್ಞಾನ ಕಲಿಸುತ್ತೇನೆ. ಯಾವ ಆಹಾರದಲ್ಲಿ ಏನಿದೆ, ಎಷ್ಟು ತಿನ್ನಬೇಕು ಎನ್ನುವ ಪಾಠ. ಆ ಪಾಠ ಬಂದಾಗೆಲ್ಲ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತ ನಿಲ್ಲುವುದು ನನ್ನ ಉಪಾಯ. ಬೆನ್ನು ಹೊಟ್ಟೆಗಿಂತ ವಾಸಿ ಎಂದಲ್ಲ, ಹುಡುಗಿಯರ ಮುಖ ಕಾಣುವುದಿಲ್ಲವಲ್ಲ ಎಂದು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಜೋಳದ ದಂಟಿನ ಹಾಗಿದ್ದಳು, ಬಹಳ ಪ್ರಾಮಾಣಿಕಳು.

"ಮೇಡಂ, ಇದರಾಗ ನೀವು ಯಾವುದು ಉಣ್ತೀರಿ?"

ಚಾಕ್‌ಪೀಸು ನನ್ನ ಕೈಯಲ್ಲೇ ಮುರಿಯಿತು. "ಎಲ್ಲಾನೂ ಹಿತಮಿತವಾಗಿ" ಎಂದೆ.

ಅವಳು ಕುಹಕವಾಡಿದ್ದರೆ ಗದರಿಸಬಹುದಿತ್ತು. ಅವಳ ಕಣ್ಣಿನಲ್ಲಿ ಭಕ್ತಿ ಇತ್ತು. "ಜರಾ ಬರಸ್ರಿ ಮೇಡಂ. ನಾ ಏನ್ ಉಂಡ್ರೂ ಮೈ ಹಿಡಿಯಂಗಿಲ್ಲಂತ ನಮ್ಮವ್ವ ಅಳತಾಳ."

ಮುಂದೆ ಪಾಲಕರ ಸಭೆಗೆ ಅವಳ ತಾಯಿ ಬಂದರು. ನನ್ನನ್ನು ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ ನಿಧಾನ ನೋಡಿದರು. ಆಮೇಲೆ ಮಗಳಿಗೆ ಹೇಳಿದರು: "ಇವರು ಹೇಳಿದ್ದು ಒಂದಕ್ಷರ ಬಿಡಬ್ಯಾಡ. ಕಲಿಸೂದು ಖರೇ ಅದ ಅಂತ ಎದುರಿಗೇ ಕಾಣ್ತದ."

೩. ಒಂದೇ ರೊಟ್ಟಿ

ನಗೆಯ ಮಾತು ಹಾಗಿರಲಿ. ಯಾದಗಿರಿಯ ಸಕ್ಕರೆ ಡಾಕ್ಟರು ಅದಾಗಲೇ ಕಣ್ಣು ಕೆಂಪಗೆ ಮಾಡಿದ್ದರು. ಸಕ್ಕರೆ ಹತೋಟಿ ತಪ್ಪಿತ್ತು, ಮೊಣಕಾಲು ಸೋತಿತ್ತು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. "ಹೀಗೇ ಬಿಟ್ಟರೆ ಒಂದು ದಿನ ನಿಂತದ್ದು ಬರಲಿಕ್ಕಿಲ್ಲ" ಎಂದಿದ್ದರು. ಪಥ್ಯ, ನಡಿಗೆ, ಕಷಾಯ ಎಲ್ಲ ಮಾಡಿ ಇಳಿದ ತೂಕ ಬಡ್ಡಿ ಸಮೇತ ವಾಪಸು ಬಂದಿತ್ತು. ಹೈದರಾಬಾದಿಗೆ ಹೋಗಿ ಕೇಳಿಕೊಂಡು ಬನ್ನಿ ಎಂದರು.

ಅತ್ತೆಗೆ "ಟ್ರೇನಿಂಗ್ ಅದ" ಎಂದು ಸುಳ್ಳು ಹೇಳಿ, ಯಾದಗಿರಿ ಸ್ಟೇಷನ್ನಿನಲ್ಲಿ ಗುರುತಿನವರು ಕಂಡರೆ ಕಂಬದ ಹಿಂದೆ ನಿಲ್ಲುತ್ತ ಗಂಡನ ಜೊತೆ ರೈಲು ಹತ್ತಿದೆ. ನಾನು ಕಂಬದ ಹಿಂದೆ ನಿಂತರೆ ಕಂಬ ಕಾಣುವುದಿಲ್ಲ, ಅದು ಬೇರೆ ಮಾತು.

ಆಪರೇಶನ್ ಮಾಡುವ ಡಾಕ್ಟರು ತೆಳ್ಳಗಿದ್ದರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದರು. "ದಿನಕ್ಕೆ ಏನು ಊಟ ಅಮ್ಮಾ?"

"ಮುಂಜಾನೆ ಒಂದು ರೊಟ್ಟಿ. ಮಧ್ಯಾಹ್ನ ಒಂದು ರೊಟ್ಟಿ. ರಾತ್ರಿ ಒಂದೇ ಒಂದು ರೊಟ್ಟಿ."

ಡಾಕ್ಟರ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಬಂತು. ನನ್ನ ಗಂಡ ಜಮೀನು ಅಳೆಯುವ ಸರ್ವೇಯರು. ಅಳತೆಯಲ್ಲಿ ಸುಳ್ಳು ಕಂಡರೆ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಹಿಂದಿನಿಂದ ಎದ್ದು ಬಂದು, ಎರಡೂ ಕೈ ಅಗಲಿಸಿ ತೋರಿಸಿದರು. "ನಮ್ಮ ಕಡೆ ರೊಟ್ಟಿ ಅಂದ್ರ ಇಷ್ಟ ಇರ್ತದ್ರಿ. ತುಪ್ಪ, ಶೇಂಗಾ ಹಿಂಡಿ ಬ್ಯಾರೆ."

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. ಆಮೇಲೆ ಸಮಾಧಾನವಾಗಿ ತಿಳಿಸಿದರು: ಇದು ಚೆಂದ ಕಾಣಲು ಮಾಡುವ ಆಪರೇಶನ್ ಅಲ್ಲ, ಅಪಾಯ ಇಲ್ಲವೇ ಇಲ್ಲ ಎನ್ನಲಾಗದು, ಗುಳಿಗೆ ಜೀವಮಾನವಿಡೀ. ಒಂದು ತಿಂಗಳು ಯೋಚಿಸಿ ಹೂಂ ಅಥವಾ ಊಹೂಂ ಹೇಳಿ. ಅಷ್ಟರಲ್ಲಿ ತೂಕ ಸ್ವಲ್ಪ ಇಳಿಸಿ, ವಾರಕ್ಕೊಮ್ಮೆ ತೂಗಿಸಿ ಫೋನು ಮಾಡಿ.

"ಆದ ಮ್ಯಾಲ ಎಷ್ಟ ರೊಟ್ಟಿ ಉಣ್ಣಬಹುದ್ರಿ?" ಗಂಡ ಕೇಳಿದರು. ಡಾಕ್ಟರು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಗುಂಡಿಯಷ್ಟು ಜಾಗ ತೋರಿಸಿದರು. ನನ್ನ ಗಂಡನ ಕಣ್ಣು ತುಂಬಿಬಿಟ್ಟಿತು. ವಾಪಸು ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಮುಟ್ಟಲಿಲ್ಲ. "ನಿನ್ನ ನೋಡಿ ನನಗ ತುತ್ತು ಇಳಿವಲ್ದು" ಎಂದರು. ತಾಂಡೂರು ದಾಟುವಷ್ಟರಲ್ಲಿ ಅವರ ಪಾಲಿನದನ್ನೂ ನಾನೇ ಮುಗಿಸಿದ್ದೆ.

೪. ಕಾಟಾ

ವಾರಕ್ಕೊಮ್ಮೆ ತೂಗಿಸುವುದೆಲ್ಲಿ? ಮನೆಯ ತೂಕದ ಯಂತ್ರದ ಮೇಲೆ ಕಾಲಿಟ್ಟರೆ ಅಂಕಿಯ ಬದಲು ಎರಡು ಅಡ್ಡಗೆರೆ ಬರುತ್ತಿತ್ತು. ಅದರ ಶಕ್ತಿ ಅಷ್ಟೇ. ಔಷಧಿ ಅಂಗಡಿಯದು ರಸ್ತೆಗೇ ಇದೆ, ನನ್ನ ವಿದ್ಯಾರ್ಥಿನಿಯರು ಅಲ್ಲೇ ಬಸ್ಸು ಹಿಡಿಯುತ್ತಾರೆ. ಕೊನೆಗೆ ಗಂಡ ಶಹಾಪುರದ ತಮ್ಮ ಗೆಳೆಯರೊಬ್ಬರ ಹತ್ತಿ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇದೆ. "ಸೂಟಿ ದಿನ, ಒಂದ ನರಪಿಳ್ಳಿ ಇರಂಗಿಲ್ಲ" ಎಂದಿದ್ದರು.

ಹೋಗಿ ನೋಡಿದರೆ ಹತ್ತಿ ಸುಗ್ಗಿ. ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ. ರೈತರು, ಹಮಾಲರು, ಚಹಾದವನು. ನಾನು ತಿರುಗಿ ಹೊರಟೆ. ಅಷ್ಟರಲ್ಲಿ ತೂಗುವವನು ಮರ್ಯಾದೆಯಿಂದ ಎದ್ದು ಕಾಟಾ ಒರೆಸಿ, "ಬರ್ರಿ ಅಕ್ಕೋರ, ಹತ್ರಿ" ಎಂದ. ಹತ್ತಿದೆ.

ತೂಗಿದ್ದನ್ನು ಕೂಗಿ ಹೇಳುವುದು ಅವನ ಕೆಲಸ. ದೂರ ಕೂತ ಗುಮಾಸ್ತನಿಗೂ ಮಾಲಿನ ಯಜಮಾನನಿಗೂ ಒಟ್ಟಿಗೆ ಕೇಳಬೇಕು, ಆಮೇಲೆ ತಕರಾರು ಬರಬಾರದು. ಎಷ್ಟೋ ವರ್ಷದ ಗಂಟಲು ಅದು. ನಾನು ನಿಂತದ್ದೇ ತಡ, ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ, ಕೂಗಿಯೇಬಿಟ್ಟ. ಅವನು ಕೂಗಿದ ಅಂಕಿಯನ್ನು ನಾನಿಲ್ಲಿ ಬರೆಯುವುದಿಲ್ಲ. ಬೇಕಾದವರು ಶಹಾಪುರದಲ್ಲಿ ಯಾರನ್ನಾದರೂ ಕೇಳಬಹುದು.

ಕೂಗಿ ಮುಗಿಸಿ, ಮಾಲಿನ ತೂಕದಲ್ಲಿ ಚೀಲದ ತೂಕ ಕಳೆಯುವ ರೂಢಿಯಂತೆ ಸೇರಿಸಿದ: "ಸೀರಿ ಬಾಬತ್ತು ಒಂದ ಕಿಲೋ ಕಡತಾ!"

ಸಾಲಿನಲ್ಲಿದ್ದ ರೈತನೊಬ್ಬ ಸಿಟ್ಟಿನಿಂದ ಮುಂದೆ ಬಂದ. "ಇದ್ಯಾವ ನ್ಯಾಯ ಸಾವ್ಕಾರ್ರ? ಅಕ್ಕೋರಿಗೆ ಒಂದ ಕಿಲೋ ಕಡತಾ, ನನ್ನ ಹತ್ತಿಗೆ ಎರಡ ಕಿಲೋ ಕಡತಾ? ಅಕ್ಕೋರ ಸೀರಿ ದೊಡ್ಡದೋ ನನ್ನ ಚೀಲ ದೊಡ್ಡದೋ, ಎದುರಾಬದುರು ಹಾಸಿ ನೋಡೂಣು ಬರ್ರಿ!"

೫. ಸರದಿಯ ಊಟ

ಆ ಕೂಗು ನನಗಿಂತ ಮುಂಚಿನ ಬಸ್ಸಿಗೇ ಸುರಪುರ ಮುಟ್ಟಿತ್ತು. ಯಾಕೆ ತೂಗಿಸಿದರು, ಎಲ್ಲಿಗೆ ಹೋಗಿದ್ದರು ಎಂದು ಕೇಳುತ್ತ ಹೋಗಿ ಸಂಜೆಯೊಳಗೆ ಓಣಿಗೆ ಎಲ್ಲ ತಿಳಿಯಿತು. ಟ್ರೇನಿಂಗಿನ ಸುಳ್ಳು ಬಯಲಾಗಿ ಅತ್ತೆಯ ಮುಖ ನೋಡುವುದು ಕಷ್ಟವಾಯಿತು. ಅವರು ಮಾತ್ರ ಎಂದಿನಂತೆ ಶೇಂಗಾ ಸುಲಿಯುತ್ತ ಕೂತರು.

ನಮ್ಮಲ್ಲಿ ಮದುವೆ ಗೊತ್ತಾದ ಹುಡುಗಿಯನ್ನು ಓಣಿಯವರು ಸರದಿಯ ಮೇಲೆ ಊಟಕ್ಕೆ ಕರೆಯುತ್ತಾರೆ. ಇನ್ನು ಮುಂದೆ ಈ ಊರಿನ ಅನ್ನ ಅವಳಿಗೆ ಸಿಗುವುದಿಲ್ಲವಲ್ಲ ಎಂದು. ಅದೇ ಲೆಕ್ಕದಲ್ಲಿ ನನ್ನನ್ನೂ ಕರೆಯತೊಡಗಿದರು.

"ಆಪರೇಶನ್ ಆದ ಮ್ಯಾಲ ಗುಬ್ಬಿ ಉಂಡಂಗ ಉಣ್ಣಬೇಕಂತ. ಈಗ ಉಂಡ ಬಿಡು ಯವ್ವಾ" ಎಂದು ಎದುರುಮನೆಯಾಕೆ ಶೇಂಗಾ ಹೋಳಿಗೆ ಬಡಿಸಿದಳು. ಪಕ್ಕದ ಮನೆಯಲ್ಲಿ ಎಣ್ಣೆಗಾಯಿ, ಕಡಬು. ಖಾಲಾ ಡಬ್ಬಿ ತುಂಬ ಶೀರಖುರ್ಮಾ ಕಳಿಸಿದಳು. ಬೇಡ ಎಂದರೆ, "ನಮ್ಮ ಮನಿ ಅನ್ನ ಸೇರಂಗಿಲ್ಲೇನು?" ತಿಂದರೆ, ಬಾಗಿಲಲ್ಲಿ ನಿಂತವರ ಪಿಸುಮಾತು: "ಅದಕ್ಕ ನೋಡು ಹಂಗ ಆಗಿದ್ದು." ಎರಡಕ್ಕೂ ನಾಚುತ್ತಲೇ ಉಂಡೆ.

ವಾರದ ಫೋನಿನಲ್ಲಿ ಆಸ್ಪತ್ರೆಯ ನರ್ಸು ಗಾಬರಿಯಾದಳು. "ಮೇಡಂ, ಇಳಿಯಬೇಕಿತ್ತು, ಏರಿದೆಯಲ್ಲ! ಏನು ಕಾರಣ?"

"ಆಪರೇಶನ್ನೇ ಕಾರಣ" ಎಂದೆ. ಮಾಡುವ ಮೊದಲೇ ಅಡ್ಡ ಪರಿಣಾಮ ಬಂದವಳು ನಾನೊಬ್ಬಳೇ ಇರಬೇಕು.

೬. ಗೋಡೆ

ಮರುದಿನ ಡಾಕ್ಟರಿಗೆ ಉತ್ತರ ಹೇಳಬೇಕು ಅನ್ನುವಾಗ ಸಂಜೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ನೆರೆದರು. ಹೊಟ್ಟೆ ನನ್ನದು, ಪಂಚಾಯ್ತಿ ಅವರದು.

"ಕತ್ತರಿಸಿಕೊಳ್ಳೂದು ಯಾಕ ಬೇಕು? ಬಾಯಿ ಕಟ್ಟಿದ್ರ ಸಾಕು" ಎಂದಳು ಹೋಳಿಗೆ ಬಡಿಸಿದ್ದ ಎದುರುಮನೆಯಾಕೆ.

"ನಸುಕಿನ್ಯಾಗ ಗುಡ್ಡ ಏರಿ ಇಳಿದ್ರ ತಾನ ಕರಗತದ" ಎಂದಳು ಇನ್ನೊಬ್ಬಳು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕನ್ನಡಿಯ ಮುಂದೆ ನಾನು ನನಗೆ ದಿನಾ ಅಂದುಕೊಳ್ಳುವುದೂ ಅದೇ. ಇಷ್ಟು ಓದಿದವಳು, ಒಂದು ಬಾಯಿ ಕಟ್ಟಲಾಗದೆ ಚಾಕುವಿನ ಹತ್ತಿರ ಹೋಗುತ್ತಿದ್ದಾಳೆ. ತಲೆ ಎತ್ತಲಾಗಲಿಲ್ಲ. "ಬ್ಯಾಡ ಬಿಡ್ರಿ. ನಾ ಹೋಗಂಗಿಲ್ಲ. ಇಷ್ಟ ದಿನ ಇದ್ದಂಗ ಇರ್ತೀನಿ" ಎಂದೆ.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಹೆಂಗ ಇರ್ತೀ? ನಾ ಗೋಡಿ ಬಡದ್ರ ನಿನ್ನ ಉಸಿರು ಬರ್ತದ. ನಾಳಿ ನಾ ಸತ್ತ ಮ್ಯಾಲ ಗೋಡಿ ಯಾರ ಬಡೀಬೇಕು?"

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅತ್ತೆಯ ಕೋಣೆ ನಮ್ಮ ಕೋಣೆಗೆ ಅಂಟಿಕೊಂಡಿದೆ. ರಾತ್ರಿ ಎಷ್ಟೋ ಸಲ ಅವರು ಬಡಿಗೆಯಿಂದ ಗೋಡೆ ಬಡಿಯುತ್ತಿದ್ದರು. ನನ್ನ ಗೊರಕೆಗೆ ಬೇಸತ್ತು ಬಡಿಯುತ್ತಾರೆ ಎಂದು ನಾನು ನಾಚಿ ಮಗ್ಗುಲಾಗುತ್ತಿದ್ದೆ. ಬೆಳಿಗ್ಗೆ ಚಹಾ ಕೊಡುವಾಗ ಅವರ ಕಣ್ಣು ತಪ್ಪಿಸುತ್ತಿದ್ದೆ.

"ಗೊರಕಿಗಲ್ಲೇನ್ರಿ ಅತ್ತಿ ನೀವು ಬಡೀತಿದ್ದದ್ದು?"

"ಗೊರಕಿ ಕೇಳೂ ಮಟ ನಾ ಆರಾಮ ಮಕ್ಕೊಂಡಿರ್ತೀನಿ. ಅದು ನಿಂತಿತಂದ್ರ ಎದ್ದ ಕೂಡ್ತೀನಿ. ನನ್ನ ಮಗ ಅಂತೂ ಸರ್ವೇ ಕಲ್ಲು ಬಿದ್ದಂಗ ಬಿದ್ದಿರ್ತಾನ."

ಆಗ ಇನ್ನೊಂದು ಗೋಡೆಯಾಚೆಯ ಮನೆಯಾಕೆ ಸಂಕೋಚದಿಂದ ಬಾಯಿಬಿಟ್ಟಳು: "ಅಮ್ಮಾರು ಬಡದ ಮ್ಯಾಲೂ ಚಾಲೂ ಆಗ್ಲಿಲ್ಲಂದ್ರ ನಾವೂ ಈ ಕಡಿಂದ ಒಂದ ಬಡೀತೀವ್ರಿ."

"ಬ್ಯಾಸಗ್ಯಾಗ ಮಾಳಿಗಿ ಮ್ಯಾಲ ಮಲಗಿದ್ರ ನಮಗೂ ಕೇಳ್ತದ" ಎಂದಳು ಎದುರುಮನೆಯಾಕೆ. "ನಿಂತಾಗ ನಮ್ಮ ಮನಿಯವರು, 'ಏ, ಅಕ್ಕೋರು ನಿಂತಾರ, ಯಾರರ ಬಡೀರಿ' ಅಂತಾರ."

ಕಂಬದ ಹಿಂದೆ ನಿಂತು, ಸುಳ್ಳು ಹೇಳಿ ನಾನು ಮುಚ್ಚಿಟ್ಟಿದ್ದನ್ನು ಇಡೀ ಓಣಿ ಪಾಳಿ ಹಚ್ಚಿ ಕಾಯುತ್ತಿತ್ತು. ಅಳು ಬಂತೋ ನಗು ಬಂತೋ ಹೇಳಲಾರೆ, ಮೈಯೆಲ್ಲ ಕುಲುಕಿತು. ಬಾಯಿ ಕಟ್ಟು ಎಂದಿದ್ದ ಎದುರುಮನೆಯಾಕೆಯೇ ಎದ್ದು ಬಂದು ನನ್ನ ಭುಜ ಹಿಡಿದಳು. "ಹೋಗಿ ಬಾ ತಂಗಿ. ಮಾಡಸ್ಕೊಂಡ ಬಾ. ನಾವೂ ಜರಾ ನಿದ್ದಿ ಮಾಡ್ತೀವಿ."

ಅವರೆಲ್ಲರ ಮುಂದೆಯೇ ಆಸ್ಪತ್ರೆಗೆ ಫೋನು ಹಚ್ಚಿ ಹೂಂ ಎಂದೆ. ಬರುವ ವಾರ ಹೋಗುತ್ತಿದ್ದೇನೆ. ಹೆದರಿಕೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆಪರೇಶನ್ನಿಗಿಂತ ದೊಡ್ಡ ಹೆದರಿಕೆ ಬೇರೆಯದು. ತೂಕ ಇಳಿದಂತೆ ಉಸಿರು ಸರಾಗವಾಗಿ, ಗೊರಕೆಯೂ ನಿಂತುಹೋಗಬಹುದು ಎಂದಿದ್ದಾರೆ ಡಾಕ್ಟರು. ಆ ರಾತ್ರಿ ನಮ್ಮ ಮನೆಯ ಗತಿ ಏನು? ಎರಡೂ ಗೋಡೆ ಉಳಿಯುವುದಿಲ್ಲ. ಅದಕ್ಕೇ ಇದನ್ನು ಓದಿದ ನೀವು ನಮ್ಮ ಓಣಿಯ ಕಡೆ ಬಂದರೆ ಮೊದಲು ಸಿಕ್ಕವರಿಗೆ ಹೇಳಿ, ಅವರು ಪಕ್ಕದವರಿಗೆ ಹೇಳಲಿ: ಗೊರಕಿ ಕೇಳಲಿಲ್ಲಂತ ಗೋಡಿ ಬಡೀಬ್ಯಾಡ್ರಿ. ಅಕ್ಕೋರು ಸತ್ತಿಲ್ಲ, ಮಲಗ್ಯಾರ.