ಕತ್ತೆಯಂಗಡಿಯಲ್ಲಿ ಒಂದು ತುಂಡು ಕಡಿಮೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹ್ಯೂಬರ್ಟ್ ಪಾರ್ಗಿಟರ್ ಕತ್ತೆಯಂಗಡಿಯ ನೆಲದ ಮೇಲೆ ಮಂಡಿಯೂರಿ ಕೂತು ಎಣಿಸುತ್ತಿದ್ದ. ಆರುನೂರ ಹನ್ನೆರಡು, ಆರುನೂರ ಹದಿಮೂರು, ಆರುನೂರ ಹದಿನಾಲ್ಕು...

(ಕತ್ತೆಯಂಗಡಿಯಲ್ಲಿ ಕತ್ತೆ ಮಾರುವುದಿಲ್ಲ. ಸಮುದ್ರದಂಡೆಯಲ್ಲಿ ರಜೆಗೆ ಬಂದ ಮಕ್ಕಳನ್ನು ಬೆನ್ನ ಮೇಲೆ ಹೊತ್ತು ಹೊತ್ತು ಸುಸ್ತಾಗಿ ನಿವೃತ್ತಿ ಪಡೆದ ಕೆಲವು ಕತ್ತೆಗಳು ಊರಾಚೆಯ ಹುಲ್ಲುಗಾವಲಿನಲ್ಲಿವೆ. ಊರಿನವರು ಬೇಡವೆಂದು ಕೊಟ್ಟ ಕೋಟು, ಕಪ್ಪು-ಬಸಿ, ಪುಸ್ತಕಗಳನ್ನು ಈ ಅಂಗಡಿ ಮಾರುತ್ತದೆ. ಬಂದ ಹಣದಲ್ಲಿ ಆ ಕತ್ತೆಗಳಿಗೆ ಮೇವು.)

ಹ್ಯೂಬರ್ಟ್ ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದವನು. ಇಲಾಖೆ ಅವನಿಗೆ ನಿವೃತ್ತಿ ಕೊಟ್ಟಿತ್ತು, ಅವನು ಇಲಾಖೆಗೆ ಇನ್ನೂ ಕೊಟ್ಟಿರಲಿಲ್ಲ. ಮನೆಗೆ ಬಂದ ಬ್ರೆಡ್ಡನ್ನು ತೂಗುತ್ತಿದ್ದ. ಪಬ್ಬಿನಲ್ಲಿ ಬಿಯರ್ ಲೋಟವನ್ನು ಬೆಳಕಿಗೆ ಹಿಡಿದು, ನೊರೆ ಇಳಿಯುವವರೆಗೆ ಕಾದು, ಗೆರೆ ಮುಟ್ಟಿದೆಯೇ ಎಂದು ನೋಡುತ್ತಿದ್ದ. ಇದರಲ್ಲಿ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಶುದ್ಧ ಕುತೂಹಲ. ಆದರೆ ಶುದ್ಧ ಕುತೂಹಲದ ಪಕ್ಕದಲ್ಲಿ ಕೂತು ಬಿಯರ್ ಕುಡಿಯುವುದು ಎಷ್ಟು ಕಷ್ಟ ಎಂದು ಅವನ ಹೆಂಡತಿ ಬೆರಿಲ್‌ಗೆ ಗೊತ್ತಿತ್ತು.

ಆ ಬೆರಿಲ್‌ಗೆ ಇತ್ತೀಚೆಗೆ ಒಂದು ಸೌಭಾಗ್ಯ ಒದಗಿತ್ತು. ಗುರುವಾರಗಳಂದು ಕತ್ತೆಯಂಗಡಿಯಲ್ಲಿ ಸಂಬಳವಿಲ್ಲದ ಕೆಲಸ. ಮೊದಲ ಮೂರು ವಾರ ಪರೀಕ್ಷೆಯ ಅವಧಿ, ಇದು ಎರಡನೆಯ ವಾರ. ಹಾಗಾಗಿಯೇ ಬೆಳಗಿನ ತಿಂಡಿಯ ಹೊತ್ತಿಗೆ ಮಾತುಕತೆ ನಡೆದಿತ್ತು.

"ಇವತ್ತು ನೀನು ಅಂಗಡಿಗೆ ಬರಲೇಬೇಕಾ?"

"ಯಾಕೆ, ಗಿರಾಕಿಗಳಿಗೆ ಪ್ರವೇಶ ಇಲ್ಲ ಅಂತ ಬೋರ್ಡು ಹಾಕಿದ್ದೀರಾ?"

"ಬಾ. ಆದ್ರೆ ಉಳಿದ ಮನುಷ್ಯರ ಥರ ಬಾ. ಚೌಕಾಸಿ ಮಾಡಬೇಡ. ಕೋಟು ಮೂಸಿ, ಇದರ ಯಜಮಾನ ಸತ್ತದ್ದು ಯಾವಾಗ ಅಂತ ಕೇಳಬೇಡ. ತೆಗೆದದ್ದನ್ನ ತೆಗೆದ ಜಾಗದಲ್ಲೇ ಇಡು. ಗಡಿಯಾರ ನಿಧಾನ ಓಡ್ತಿದೆ ಅಂತ ಡಂಗುರ ಹೊಡೀಬೇಡ."

"ಅದು ಮೂರು ಗಂಟೆಗೆ ಅರ್ಧ ನಿಮಿಷ ಹಿಂದೆ ಬೀಳ್ತಿತ್ತು, ಬೆರಿಲ್."

(ಅದನ್ನು ತಿಳಿಯಲು ಅವನು ಆ ಗಡಿಯಾರದ ಮುಂದೆ ಮೂರು ಗಂಟೆ ನಿಂತಿದ್ದ.)

"ಹ್ಯೂಬರ್ಟ್!"

"ಆಯ್ತು ಮಾರಾಯ್ತಿ. ಬಾಯಿ ಮುಚ್ಕೊಂಡು ನೋಡ್ತೀನಿ."

ನೋಡಿದ. ಅರ್ಧ ಗಂಟೆ ಚಿನ್ನದಂಥ ಗಿರಾಕಿಯಾಗಿದ್ದ. ಆಮೇಲೆ ಕಣ್ಣಿಗೆ ಬಿತ್ತು ಒಂದು ಜಿಗ್‌ಸಾ ಪೆಟ್ಟಿಗೆ, ರಟ್ಟಿನ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಆಟ. ಮುಚ್ಚಳದ ಮೇಲೆ ಹಳ್ಳಿಯ ಕ್ರಿಕೆಟ್ ಪಂದ್ಯದ ಚಿತ್ರ, ಹೆಬ್ಬೆರಳಿನಷ್ಟು ದಪ್ಪಕ್ಕೆ ‘ಸಾವಿರ ತುಂಡು’ ಎಂಬ ಅಚ್ಚು. ಪಕ್ಕದಲ್ಲಿ ಒಂದು ಚೀಟಿ: ‘ಎಲ್ಲಾ ಇವೆ. ವಿ. ಟ್ಯಾಪ್‌ಸ್ಕಾಟ್’.

ವಿನಿಫ್ರೆಡ್ ಟ್ಯಾಪ್‌ಸ್ಕಾಟ್ ಗುರುವಾರದ ಅಂಗಡಿಯ ಯಜಮಾನಿ, ಎಂಬತ್ತೊಂದರ ಹೆಂಗಸು. ದಾನಕ್ಕೆ ಬಂದ ಪ್ರತಿಯೊಂದು ಜಿಗ್‌ಸಾವನ್ನೂ ಮನೆಗೆ ಒಯ್ದು, ಪೂರ್ತಿ ಜೋಡಿಸಿ, ಮತ್ತೆ ಬಿಡಿಸಿ, ಆಮೇಲೆ ಸಹಿ ಹಾಕುತ್ತಿದ್ದರು. ಆ ಸಹಿ ಕಂಡರೆ ಊರಿನಲ್ಲಿ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಹ್ಯೂಬರ್ಟ್‌ಗೆ ಆಡಬೇಕೆನಿಸಲಿಲ್ಲ, ನೋಡಬೇಕೆನಿಸಿತು ಅಷ್ಟೆ. ಅಂಟುಪಟ್ಟಿ ಕಿತ್ತ. ಚಪ್ಪಲಿಗಳ ಕಪಾಟಿಗೂ ಟೀಪಾಟುಗಳ ಕಪಾಟಿಗೂ ನಡುವೆ ತುಂಡುಗಳನ್ನು ಸುರಿದ. ಜನ "ಕ್ಷಮಿಸಿ" ಎನ್ನುತ್ತಾ ಅವನನ್ನು ದಾಟಿಕೊಂಡು ಓಡಾಡತೊಡಗಿದರು. (ತಪ್ಪು ಮಾಡಿದವನಿಗೆ ಮಿಕ್ಕವರು ಕ್ಷಮೆ ಕೇಳುವುದು ಇಲ್ಲಿಯ ಪದ್ಧತಿ.) ಒಮ್ಮೆ ಎಣಿಸಿದ. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದ.

"ಒಂಬೈನೂರ ತೊಂಬತ್ತೊಂಬತ್ತು!"

ತನಗೆ ತಾನೇ ಹೇಳಿಕೊಂಡ ಮಾತು ಅದು. ಆದರೆ ಸಂತೆಯ ಗದ್ದಲದಲ್ಲಿ ಕಟುಕರಿಗೂ ತರಕಾರಿಯವರಿಗೂ ಕೇಳುವಂತೆ ಪಳಗಿಸಿದ ಗಂಟಲು. ಎಲ್ಲರೂ ಒಂದೊಂದು ಟೀಪಾಟನ್ನು ದಿಟ್ಟಿಸಿ ನೋಡತೊಡಗಿದರು.

"ಏನಂದ್ರಿ, ಮಿಸ್ಟರ್ ಪಾರ್ಗಿಟರ್?" ವಿನಿಫ್ರೆಡ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳಿದರು.

"ಒಂದು ತುಂಡು ಕಡಿಮೆ ಇದೆ, ಮೇಡಂ. ಲೆಕ್ಕಕ್ಕೆ ಹೇಳೋದಾದ್ರೆ ಎರಡು ಪೌಂಡಿನಲ್ಲಿ ಒಂದು ಪೆನ್ನಿಯ ಐದನೇ ಒಂದು ಪಾಲು ಇಳಿಸಬೇಕಾಗುತ್ತೆ."

"ಕತ್ತೆಗಳ ಬಾಯಿಂದ ಇಳಿಸಬೇಕು ಅನ್ನಿ."

"ಇಲ್ಲಿ ಕತ್ತೆಗಳ ಪ್ರಶ್ನೆ ಬರೋದಿಲ್ಲ..."

"ನಾನೂ ಹಾಗೇ ಅಂದ್ಕೊಂಡಿದ್ದೆ. ಎಲ್ಲಾ ಹೊರಗೆ ಮೇಯ್ತಾ ಇವೆ ಅಂತ."

ಯಾರೋ ಕೆಮ್ಮಿದರು. ನೀಲಿ ಕೊಡೆಯ ಹೆಂಗಸೊಬ್ಬಳು ಕೈಯಲ್ಲಿದ್ದ ಮೂರು ಜಿಗ್‌ಸಾ ಪೆಟ್ಟಿಗೆಗಳನ್ನು ತೆಗೆದ ಜಾಗದಲ್ಲೇ ಒಪ್ಪವಾಗಿ ಇಟ್ಟು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಟುಹೋದಳು. ವಿನಿಫ್ರೆಡ್ ಆ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿಟ್ಟರು.

"ಬೆರಿಲ್, ಮುಂದಿನ ವಾರದಿಂದ ನಾನು ಬರಲ್ಲಮ್ಮ. ಇಂಥ ಕಣ್ಣು ಇಟ್ಕೊಂಡು ಸಹಿ ಹಾಕಬಾರದು."

ಬೆರಿಲ್ ಹ್ಯಾಂಗರ್ ಹಿಡಿದು ನಿಂತಲ್ಲೇ ನಿಂತಿದ್ದಳು. ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಮನೆಗೆ ಹೊರಟರು. ಮನೆಯ ಗೇಟು ಬಂದಾಗ ಬೆರಿಲ್ ಬಾಯಿ ತೆರೆದಳು.

"ಅವರು ಬರದಿದ್ರೆ ಗುರುವಾರ ಅಂಗಡಿ ತೆರೆಯೋದೇ ಇಲ್ಲ. ನನಗೆ ಅಂತ ಇದ್ದದ್ದು ವಾರಕ್ಕೆ ಒಂದೇ ದಿನ, ಹ್ಯೂಬರ್ಟ್. ಇನ್ನು ಆ ದಿನಾನೂ ನಿನ್ನ ಜೊತೇಲೇ ಇರ್ತೀನಿ."

"ಹಾಗಂತ ಸುಳ್ಳು ಹೇಳಬೇಕಿತ್ತಾ?"

"ಸುಮ್ಮನಿರಬೇಕಿತ್ತು. ಸುಮ್ಮನಿರೋದು ಸುಳ್ಳಲ್ಲ."

ಪೂರ್ತಿ ಎರಡು ಪೌಂಡ್ ಕೊಟ್ಟು ತಂದಿದ್ದ ಪೆಟ್ಟಿಗೆಯನ್ನು ಹ್ಯೂಬರ್ಟ್ ಊಟದ ಮೇಜಿನ ಮೇಲೆ ಸುರಿದ. ಅವನ ಉಪಾಯ ಸರಳವಾಗಿತ್ತು. ಚಿತ್ರ ಜೋಡಿಸುವುದು, ತುಂಡಿಲ್ಲದ ಜಾಗವನ್ನು ವಿನಿಫ್ರೆಡ್‌ಗೆ ತೋರಿಸುವುದು. ಪುರಾವೆ ಕಣ್ಣಿಗೆ ಬಿದ್ದರೆ ಮನಸ್ತಾಪ ತಾನಾಗಿ ಕರಗುತ್ತದೆ ಎಂದು ಅವನು ಮೂವತ್ತನಾಲ್ಕು ವರ್ಷ ನಂಬಿಕೊಂಡು ಬಂದಿದ್ದ. (ಆ ಮೂವತ್ತನಾಲ್ಕು ವರ್ಷಗಳಲ್ಲಿ ಊರಿನ ಒಬ್ಬ ಕಟುಕನೂ ಅವನನ್ನು ಊಟಕ್ಕೆ ಕರೆದಿರಲಿಲ್ಲ.)

ಮೂರು ದಿನ ಜೋಡಿಸಿದ. ಬೆರಿಲ್ ಚಹಾ ತಂದಿಟ್ಟು ಹೋಗುತ್ತಿದ್ದಳು. ಹೋಗುವಾಗ ಒಂದೆರಡು ತುಂಡು ಕೂರಿಸುತ್ತಿದ್ದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹುಲ್ಲು, ಆಕಾಶ, ಆಟಗಾರರು, ಬೆಂಚಿನ ಮೇಲೆ ನಿದ್ದೆ ಹೋದ ಪಾದ್ರಿ ಎಲ್ಲರೂ ಬಂದು ಸೇರಿದ್ದರು. ನಟ್ಟನಡುವೆ ಒಂದೇ ಒಂದು ತೂತು. ಅಂಪೈರ್ ಎತ್ತಿದ ತೋಳಿನ ತುದಿಯಲ್ಲಿ ಕೈಯೇ ಇರಲಿಲ್ಲ.

"ನೋಡು! ನಾನು ಹೇಳಲಿಲ್ವಾ?" ಎಂದವನೇ ವಿನಿಫ್ರೆಡ್‌ಗೆ ಫೋನ್ ಮಾಡಿ ನಾಲ್ಕು ಗಂಟೆಯ ಚಹಾಕ್ಕೆ ಕರೆದ. ಬೆರಿಲ್ ಕೇಕ್ ಮಾಡಿದಳು. ಮೂವರಿಗೆ ಬೇಕಾದದ್ದಕ್ಕಿಂತ ದೊಡ್ಡದು. ಅದನ್ನು ನೋಡಿಯೇ ಹ್ಯೂಬರ್ಟ್ ಎಚ್ಚರವಾಗಬೇಕಿತ್ತು.

ವಿನಿಫ್ರೆಡ್ ಟೋಪಿ ತೆಗೆಯದೆ ಮೇಜಿನ ಮುಂದೆ ನಿಂತರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಹೌದು. ತೂತಿದೆ," ಎಂದರು. "ವಯಸ್ಸಾಯ್ತು ಬೆರಿಲ್. ನಮಗೇ ಗೊತ್ತಾಗೋಲ್ಲ ನೋಡು."

ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಹ್ಯೂಬರ್ಟ್ ಮೂರು ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ವಾಕ್ಯ ಮರೆತೇಹೋಯಿತು. ಗೆದ್ದೂ ಖುಷಿಯಾಗದಿರುವುದು ಅವನಿಗೆ ಹೊಸದು. ಏನಿದು ಎಂದು ಅವನು ಕುತೂಹಲದಿಂದ ಯೋಚಿಸುತ್ತಿರುವಾಗಲೇ ಬೆರಿಲ್ ಸ್ವೆಟರಿನ ಜೇಬಿಗೆ ಕೈ ಹಾಕಿದಳು.

"ನಮ್ಮ ತವರುಮನೇಲಿ ಒಂದು ರೂಢಿ. ಜಿಗ್‌ಸಾ ಸುರಿದ ದಿನವೇ ಯಾರಾದರೂ ಒಂದು ತುಂಡು ಜೇಬಿಗಿಳಿಸಿಬಿಡ್ತಿದ್ರು. ಕೊನೇ ತುಂಡು ಇಡೋ ಸುಖ ತಮಗೇ ಸಿಗಲಿ ಅಂತ. ತಗೊಳ್ಳಿ, ನೀವೇ ಇಡಿ."

ವಿನಿಫ್ರೆಡ್ ಇಟ್ಟರು. ಟಿಕ್ ಎಂದು ಕೂತಿತು. ಅಂಪೈರ್‌ಗೆ ಕೈ ಬಂತು, ಕೈಯಲ್ಲಿ ತೋರುಬೆರಳು ನೆಟ್ಟಗೆ ನಿಂತಿತ್ತು.

"ಔಟ್," ಎಂದರು ವಿನಿಫ್ರೆಡ್. ಅವರು ನೋಡುತ್ತಿದ್ದದ್ದು ಬ್ಯಾಟು ಹಿಡಿದವನನ್ನಲ್ಲ.

"ಮೂರು ದಿನದಿಂದ ನಿನ್ನ ಜೇಬಲ್ಲಿತ್ತಾ?" ಹ್ಯೂಬರ್ಟ್ ತೊದಲಿದ.

"ಮನೇಲಿ ನೀನು ಮತ್ತೆ ಎಣಿಸ್ತೀಯ, ಸಿಕ್ಕಿಬೀಳ್ತೀನಿ ಅಂದ್ಕೊಂಡಿದ್ದೆ. ಊರಿನ ಲೆಕ್ಕ ಎಲ್ಲ ಪರೀಕ್ಷೆ ಮಾಡೋನು ನಿನ್ನ ಲೆಕ್ಕಾನ ಮುಟ್ಟೋದಿಲ್ಲ ಅಂತ ಮರೆತೇಬಿಟ್ಟಿದ್ದೆ."

"ಹಾಗಾದ್ರೆ... ಅಂಗಡೀಲಿ ನನ್ನ ಎಣಿಕೆ?"

ಅವಮಾನಕ್ಕೆ ಹೊತ್ತು ಕೊಡದೆ ಕುತೂಹಲ ಎದ್ದು ನಿಂತಿತು. ಕೇಕಿನ ಫೋರ್ಕು ಹಿಡಿದು ಮೇಲಿನ ಸಾಲು ಎಣಿಸಿದ. ಮೂವತ್ತೇಳು. ಮೇಲಿಂದ ಕೆಳಕ್ಕೆ ಇಳಿಯುವ ಅಂಚಿನ ಸಾಲು ಇಪ್ಪತ್ತೇಳು. ತುಟಿ ಅಲುಗಿಸುತ್ತಾ ಗುಣಿಸಿದ. ಕಿವಿ ಕೆಂಪಾಯಿತು.

"ಇದರಲ್ಲಿ ಯಾವತ್ತೂ ಸಾವಿರ ಇರಲೇ ಇಲ್ಲ! ದುಂಡಗೆ ಕಾಣಲಿ ಅಂತ ಸಾವಿರ ಅಂತ ಅಚ್ಚು ಹಾಕಿದಾರೆ! ನನ್ನ ಎಣಿಕೆ ಸರಿಯಾಗಿತ್ತು!"

"ನನ್ನ ಸಹಿಯೂ ಸರಿಯಾಗಿತ್ತು," ಎಂದು ವಿನಿಫ್ರೆಡ್ ಟೋಪಿ ತೆಗೆದು, ಕುರ್ಚಿ ಎಳೆದುಕೊಂಡು, ಕೇಕಿನ ದೊಡ್ಡ ಚೂರನ್ನೇ ಆರಿಸಿಕೊಂಡರು.

"ಅಲ್ಲ, ಹಾಗಾದ್ರೆ ತಪ್ಪಿದ್ದಾದ್ರೂ ಏನು?" ಹ್ಯೂಬರ್ಟ್ ನಿಜವಾಗಿಯೂ ತಿಳಿಯದೆ ಕೇಳಿದ.

"ಗಂಟಲು," ಎಂದಳು ಬೆರಿಲ್.

ಗುರುವಾರ ಬರಲು ವಿನಿಫ್ರೆಡ್ ಒಪ್ಪಿದರು. ಆದರೆ ಒಂದು ಷರತ್ತು. "ಈ ಪೆಟ್ಟಿಗೇನ ನೀವೇ ನಿಂತು ಮಾರಬೇಕು, ಹ್ಯೂಬರ್ಟ್. ಪೂರ್ತಿ ಎರಡು ಪೌಂಡಿಗೆ. ಗಿರಾಕಿ ಏನೇ ಅಂದ್ರೂ ನಗ್ತಾ ಇರಬೇಕು."

ಹೀಗಾಗಿ ಮುಂದಿನ ಗುರುವಾರ ಎದೆಯ ಮೇಲೆ ಕತ್ತೆಯ ಚಿತ್ರವಿದ್ದ ಏಪ್ರನ್ ತೊಟ್ಟು ಹ್ಯೂಬರ್ಟ್ ಮೇಜಿನ ಹಿಂದೆ ನಿಂತ. ಒಬ್ಬ ಕೋಟು ಮೂಸಿ, ಇದರ ಯಜಮಾನ ಯಾವಾಗ ಹೋದದ್ದು ಎಂದು ಕೇಳಿದ. ಹ್ಯೂಬರ್ಟ್ ನಕ್ಕ. ಒಬ್ಬಳು ಒಂದು ಪೌಂಡಿನ ಟೀಪಾಟಿಗೆ ನಲವತ್ತು ಪೆನ್ನಿ ಎಂದಳು. ಹಲ್ಲು ಕಚ್ಚಿ ನಕ್ಕ. ಬೆರಿಲ್ ಬಟ್ಟೆಗಳ ಸಾಲಿನ ಹಿಂದೆ ಮುಖ ಮರೆಸಿಕೊಂಡಳು.

ಆಗ ಒಳಗೆ ಬಂದಳು ನೀಲಿ ಕೊಡೆಯ ಹೆಂಗಸು. ಕ್ರಿಕೆಟ್ ಪಂದ್ಯದ ಪೆಟ್ಟಿಗೆ ಕೈಗೆತ್ತಿಕೊಂಡು ಚೀಟಿ ಓದಿದಳು. ‘ಎಲ್ಲಾ ಇವೆ’, ಕೆಳಗೆ ಈಗ ಎರಡು ಸಹಿ.

"ಒಂದು ಕಡಿಮೆ ಅಂತ ಹೋದ ವಾರ ಗಲಾಟೆ ಆಗಿದ್ದು ಇದೇ ಅಲ್ವಾ?"

"ಎಲ್ಲಾ ಇವೆ, ಮೇಡಂ. ಒಂದೂ ಕಳೆದಿಲ್ಲ. ನಾನೇ ಜೋಡಿಸಿ ನೋಡಿದ್ದೀನಿ."

"ಖಂಡಿತ?"

"ಖಂಡಿತ."

ಹೆಂಗಸು ಪರ್ಸ್ ತೆರೆದು ಎರಡು ನಾಣ್ಯ ತೆಗೆದಳು. ವಿನಿಫ್ರೆಡ್ ಗಲ್ಲಾಪೆಟ್ಟಿಗೆ ತೆರೆದರು. ಬೆರಿಲ್ ಚೀಲ ಬಿಡಿಸಿ ಹಿಡಿದಳು. ಹ್ಯೂಬರ್ಟ್‌ಗೆ ಮೈಯೆಲ್ಲ ಹಗುರಾಯಿತು. ಹೆಂಗಸು ನಾಣ್ಯಗಳನ್ನು ಕೈಯಲ್ಲೇ ಹಿಡಿದು, ಬರೀ ಕುತೂಹಲಕ್ಕೆ ಕೇಳಿದಳು:

"ಒಟ್ಟು ಎಷ್ಟು ತುಂಡು?"

ಬೆರಿಲ್ ಕಣ್ಣು ಮುಚ್ಚಿದಳು. ವಿನಿಫ್ರೆಡ್ ಕೆಮ್ಮಿದರು. ಉತ್ತರ ಪೆಟ್ಟಿಗೆಯ ಮೇಲೇ ಹೆಬ್ಬೆರಳಿನಷ್ಟು ದಪ್ಪಕ್ಕೆ ಅಚ್ಚಾಗಿತ್ತು, ಬೆರಳಿಟ್ಟು ತೋರಿಸಿದ್ದರೆ ಸಾಕಿತ್ತು. ಸುಮ್ಮನಿರುವುದು ಸುಳ್ಳಲ್ಲ ಎಂಬುದೂ ಅವನಿಗೆ ನೆನಪಾಯಿತು. ತುಟಿ ಬಿಗಿಹಿಡಿದ. ಉಸಿರು ಬಿಗಿಹಿಡಿದ. ಮುಖ ಟೊಮ್ಯಾಟೊ ಬಣ್ಣಕ್ಕೆ ತಿರುಗಿತು. ಆಮೇಲೆ ಚಪ್ಪಲಿಗಳ ಕಪಾಟಿನಿಂದ ಟೀಪಾಟುಗಳ ಕಪಾಟಿನವರೆಗೆ ನಿಂತಿದ್ದ ಪ್ರತಿಯೊಬ್ಬರಿಗೂ ಅವನ ದನಿ ಸ್ಪಷ್ಟವಾಗಿ ಕೇಳಿಸಿತು:

"ಒಂಬೈನೂರ ತೊಂಬತ್ತೊಂಬತ್ತು."