ಬೀಗ ಹಾಕಿದ ಬಂಗಲೆಗೆ ಕಮಲಾಕ್ಷನ ತೀರ್ಪು

ಕಮಲಾಕ್ಷನಿಗೆ ಕಂಪ್ಯೂಟರ್ ಗೊತ್ತುಂಟು ಎಂದು ಬೆಳ್ತಂಗಡಿಯ ಆ ಸರಕಾರಿ ಕಚೇರಿಯಲ್ಲಿ ಸುದ್ದಿ ಹಬ್ಬಿಸಿದ್ದು ಸ್ವತಃ ಕಮಲಾಕ್ಷನೇ. ಅವನಿಗೆ ಗೊತ್ತಿದ್ದದ್ದು ಅದರಲ್ಲಿ ಇಸ್ಪೀಟು ಆಡಲು ಮಾತ್ರ. ಆಡುವಾಗ ಅವನು ಹಣೆ ಗಂಟಿಕ್ಕುತ್ತಿದ್ದ ಚಂದ ನೋಡಿ, ಕಿಟಕಿಯಾಚೆ ನಿಂತ ಜನ, ಪಾಪ, ಸರಕಾರದ ತಲೆಬಿಸಿಯೆಲ್ಲ ಇವರಿಗೇ ಎಂದು ಸುಮ್ಮನಿರುತ್ತಿದ್ದರು.

ಆ ಸುದ್ದಿ ಸಾಹೇಬರ ಕಿವಿಗೂ ಬಿತ್ತು. ಒಂದು ಬೆಳಿಗ್ಗೆ ಅವರು ಒಂದು ಸೀಡಿ ತಂದು ಅವನ ಮೇಜಿನ ಮೇಲಿಟ್ಟರು. ಇಂಜಿನಿಯರಿಂಗ್ ಓದುವ ಮಗಳು ತೃಪ್ತಿ ಮಾಡಿದ ಆಟವಂತೆ. ನೂರು ವರ್ಷದಿಂದ ಯಾರೂ ಕಾಲಿಡದ ಬಂಗಲೆ, ಸುತ್ತ ಮಂಜು, ಒಳಗೆ ಬೀಗಗಳೋ ಬೀಗಗಳು. ಹೊಡೆದಾಟ ಇಲ್ಲ, ತಲೆ ಓಡಿಸಬೇಕು. ಅವಳ ಕ್ಲಾಸಿನವರು ವಾರವಿಡೀ ಕೂತರೂ ಮುಗಿಸಲಾಗಲಿಲ್ಲವಂತೆ.

"ಪುರುಸೊತ್ತಾದಾಗ ಪೂರ್ತಿ ಆಡಿ, ಹೇಗುಂಟೆಂದು ಹೇಳಿ. ಮುಖಸ್ತುತಿ ಬೇಡ" ಎಂದು ಹೇಳಿ ಸಾಹೇಬರು ಮೀಟಿಂಗಿಗೆ ಹೋದರು.

ಕಮಲಾಕ್ಷ ಸೀಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವನ ಮನೆ ಇರುವುದು ಶಿರ್ತಾಡಿಯಲ್ಲಿ. ದಿನಾ ಬಸ್ಸು ಬದಲಿಸಿ ಬಂದು ಸೊಂಟ ಬಿದ್ದುಹೋಗಿತ್ತು. ಹತ್ತಿರದ ಮೂಡುಬಿದಿರೆಗೆ ವರ್ಗ ಕೇಳಿ ಕೊಟ್ಟ ಅರ್ಜಿ ಸಾಹೇಬರ ಡ್ರಾಯರಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಈ ಸಲವೂ ಆಗದಿದ್ದರೆ ಬೆಳ್ತಂಗಡಿಯಲ್ಲೇ ರೂಮು ಹಿಡಿದು ಗಂಜಿ ಬೇಯಿಸಿಕೊಳ್ಳಿ ಎಂದು ಹೆಂಡತಿ ಕುಸುಮ ಖಡಾಖಂಡಿತ ಹೇಳಿಬಿಟ್ಟಿದ್ದಳು. ಈಗ ಸಾಹೇಬರ ಮಗಳ ಆಟ ಕೈಗೆ ಬಂದಿದೆ. ಬಿಟ್ಟರೆ ಉಂಟೇ?

ಕಿಟಕಿಯಲ್ಲಿ ಕೊಕ್ಕಡದ ಸಫಿಯಮ್ಮ ಆಗಲೇ ನಿಂತಿದ್ದರು. ಅವರ ಜಾಗದ ಹಳೇ ನಕ್ಷೆ ಬೇಕಿತ್ತು. ನಕ್ಷೆಗಳೆಲ್ಲ ಮೂಡುಬಿದಿರೆಯ ಉಗ್ರಾಣದಲ್ಲಿವೆ, ಅದರ ಕೀ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ನಾನೇನು ಮಾಡಲಿ ಎಂದು ಕಮಲಾಕ್ಷ ಎಂದಿನ ಉತ್ತರ ಕೊಟ್ಟು ಸೀಡಿ ಹಾಕಿದ. ಅವರು ಹೋಗಲಿಲ್ಲ, ಅಲ್ಲೇ ನಿಂತರು.

ಮೊದಲ ಕೋಣೆಯಲ್ಲೇ ಆಟ ಕೈಕೊಟ್ಟಿತು. ಕಪಾಟಿಗೆ ಬೀಗ, ಕೀ ಇಲ್ಲ. ಟೈಪಿಸ್ಟ್ ಕಾಂತಿ ಕೆಲಸ ಬಿಟ್ಟು ಬಂದು ಬೆನ್ನ ಹಿಂದೆ ನಿಂತಳು. ಕ್ಯಾಲೆಂಡರಿನ ಹಿಂದೆ ನೋಡಿ ಕಮಲಾಕ್ಷಣ್ಣ ಎಂದಳು. ಆಡಿಟಿನವರು ಬಂದಾಗ ಇವಳು ಕಪಾಟಿನ ಕೀಯನ್ನು ಬಚ್ಚಿಡುತ್ತಿದ್ದದ್ದು ಅಲ್ಲೇ. ನೋಡಿದರೆ ಆಟದಲ್ಲೂ ಅಲ್ಲೇ ಇತ್ತು.

ಮುಂದಿನ ಕೋಣೆಯ ಮೇಜಿನ ಮೇಲೆ ಒಂದು ಕರೆಗಂಟೆ. ಬಾರಿಸಿದರೆ ಏನೂ ಇಲ್ಲ. ಮತ್ತೆ ಬಾರಿಸಿದರೂ ಇಲ್ಲ. ಜವಾನ ಅಣ್ಣು ಸ್ಟೂಲಿನಿಂದ ಏಳದೆಯೇ, ಮೂರನೇ ಸಲ ಬಾರಿಸಿ ಸಾರ್, ಅದಕ್ಕಿಂತ ಮೊದಲು ಯಾರು ಏಳ್ತಾರೆ ಎಂದ. ಮೂರನೆಯದಕ್ಕೆ ಗೋಡೆ ಸರಿಯಿತು. ಅಣ್ಣು ಇಷ್ಟು ಜಂಬದಿಂದ ನಕ್ಕದ್ದನ್ನು ಕಚೇರಿ ಕಂಡದ್ದೇ ಇಲ್ಲ.

ಆದರೆ ಕೊನೆಯ ಬಾಗಿಲಿಗೆ ಹಿಡಿಯೂ ಇಲ್ಲ, ಬೀಗವೂ ಇಲ್ಲ. ತಟ್ಟಿದರು, ದೂಡಿದರು, ಕಂಡಕಂಡದ್ದನ್ನೆಲ್ಲ ಒತ್ತಿದರು. ಕಾಂತಿಗೂ ಅಣ್ಣುವಿಗೂ ಜಗಳವೇ ಹತ್ತಿತು. ಬೆಳಗಿನಿಂದ ನಿಂತಿದ್ದ ಸಫಿಯಮ್ಮನಿಗೆ ಬಾಗಿಲಿನ ಈ ಜಗಳ ಕೇಳಿ ಸಾಕಾಯಿತು.

"ಯಾವುದನ್ನೂ ಮುಟ್ಟಬೇಡ ಮಗಾ" ಎಂದರು. "ಸುಮ್ಮನೆ ನಿಂತುಕೋ. ಆಮೇಲೆ ಬೇಜಾರಾಗಿ ತಿರುಗಿ ಹೊರಡು. ಆಗ ಒಳಗಿಂದ ಕರೀತಾರೆ. ನಾನು ಇಲ್ಲಿ ಎಷ್ಟು ಸಲ ನೋಡಿದ್ದೇನೆ."

ಕಮಲಾಕ್ಷ ನಿಂತ, ತಿರುಗಿದ, ಹೊರಟ. ಬೆನ್ನ ಹಿಂದೆ ಬಾಗಿಲು ತಾನಾಗಿ ತೆರೆಯಿತು. ಆಟ ಮುಗಿಯಿತು. ಕಾಂತಿ ಎಲ್ಲರಿಗೂ ಚಹಾ ತರಿಸಿದಳು. ಸಫಿಯಮ್ಮನಿಗೆ ಕಮಲಾಕ್ಷ ಬಹಳ ಪ್ರೀತಿಯಿಂದ ನಾಳೆ ಬನ್ನಿ ಎಂದ, ಕಿಟಕಿ ಮುಚ್ಚಿದ.

ಸಂಜೆ ಸಾಹೇಬರ ಮನೆಯಲ್ಲಿ ತೀರ್ಪು. ಮುಖಸ್ತುತಿ ಎನಿಸಬಾರದೆಂದು ಕಮಲಾಕ್ಷ ಮೊದಲು ಒಂದು ಕೊರತೆ ಹೇಳಿದ. ಮಂಜು ಸ್ವಲ್ಪ ಹೆಚ್ಚಾಯಿತು, ಕಣ್ಣು ನೋಯುತ್ತದೆ. ಆಮೇಲೆ ಹೊಗಳಿಕೆಗೆ ಇಳಿದ.

"ವಾತಾವರಣ ಅಂದರೆ ಇದು ಸರ್. ಖಾಲಿ ಕುರ್ಚಿ, ಯಾರಿಗೂ ಇಲ್ಲದೆ ತಿರುಗುವ ಫ್ಯಾನು, ಕರೆದರೆ ಓ ಅನ್ನುವವರಿಲ್ಲ. ಇದರಲ್ಲಿ ಸುಳ್ಳು ಒಂದೂ ಇಲ್ಲ. ನಮ್ಮ ಕಚೇರಿಯನ್ನೇ ಹೊಕ್ಕ ಹಾಗಾಯ್ತು."

ತೃಪ್ತಿ ನಗು ತಡೆಯಲಾರದೆ ಒಳಗೆ ಓಡಿದಳು. ಸಾಹೇಬರು ಕಾಫಿಯ ಲೋಟ ಕೆಳಗಿಟ್ಟರು.

"ಇಷ್ಟೆಲ್ಲ ಯಾವಾಗ ಆಡಿದಿರಿ?"

"ಇವತ್ತೇ ಸರ್. ಊಟದ ಹೊತ್ತಿಗಿಂತ ಮೊದಲೇ ಮುಗಿಸಿಬಿಟ್ಟೆ" ಎಂದ ಕಮಲಾಕ್ಷ, ಎದೆಯುಬ್ಬಿಸಿ.

ಕೊನೆಯ ಬಾಗಿಲಿನ ಗುಟ್ಟು ಹೇಗೆ ಹೊಳೆಯಿತು ಎಂದು ಸಾಹೇಬರು ಕೇಳಿದರು. ಎಲ್ಲ ಅನುಭವ ಸರ್ ಎಂದ. ಸಾಹೇಬರು ಬ್ಯಾಗಿನಿಂದ ಅವನ ಅರ್ಜಿಯನ್ನೇ ತೆಗೆದು, ಅವನೆದುರೇ ಸಹಿ ಹಾಕಿದರು. ಮೂಡುಬಿದಿರೆ! ಕಮಲಾಕ್ಷನ ಕಣ್ಣಲ್ಲಿ ನೀರು ಬಂತು. ಕುಸುಮನ ಮುಖ, ಮನೆಯಲ್ಲಿ ಬಿಸಿಬಿಸಿ ಗಂಜಿ, ಎಲ್ಲ ಒಟ್ಟಿಗೆ ಕಂಡಿತು. ಬಗ್ಗಿ ಕಾಲಿಗೆ ಬೀಳುವುದೊಂದು ಬಾಕಿ.

"ನಾಳೆಯಿಂದ ನೀವು ಅಲ್ಲಿನ ಉಗ್ರಾಣಕ್ಕೆ ಹೋಗಿ" ಎಂದರು ಸಾಹೇಬರು. "ಅದರ ಬಾಗಿಲು ತೆರೆಯದೆ ವರ್ಷಗಳಾದವು. ಒಳಗೆ ಕಪಾಟುಗಳಿಗೆಲ್ಲ ಬೀಗ ಉಂಟು, ಕೀ ಯಾವುದೂ ಇಲ್ಲ. ಜೊತೆಗೆ ಜವಾನ ಕೂಡ ಇಲ್ಲ. ಯಾರನ್ನು ಕಳಿಸುವುದು ಅಂತ ಇಷ್ಟು ದಿನ ತಲೆಬಿಸಿ ಇತ್ತು. ನೀವು ಒಂದೇ ಬೆಳಿಗ್ಗೆಯಲ್ಲಿ ಬಂಗಲೆ ತೆರೆದವರು."

ಕಾಲಿಗೆ ಬೀಳಲು ಬಗ್ಗಿದ್ದ ಕಮಲಾಕ್ಷ ಅರ್ಧದಲ್ಲೇ ನಿಂತ.

"ಮತ್ತೆ, ಕೊಕ್ಕಡದ ಸಫಿಯಮ್ಮ ಮಧ್ಯಾಹ್ನ ನನ್ನನ್ನು ಕಂಡರು" ಎಂದರು ಸಾಹೇಬರು ಲೋಟ ಎತ್ತಿಕೊಳ್ಳುತ್ತ. "ನಾಳೆ ಬನ್ನಿ ಅಂದಿದ್ದಿರಂತೆ. ಉಗ್ರಾಣಕ್ಕೇ ಬರಲು ಹೇಳಿದ್ದೇನೆ."