ಶಿವನನ್ನು ಅರೆಹೊಟ್ಟೆಯಲ್ಲಿಟ್ಟ ಅತ್ತೆ

ನಮ್ಮ ಸೋದರತ್ತೆ ಸಾಕ್ಷಾತ್ ಶಿವನನ್ನೇ ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿಟ್ಟ ಹೆಂಗಸು! ನಂಬುವುದಿಲ್ಲವೇ? ತುಂಬಿದ ಮನೆಯಲ್ಲಿ ಆಕೆಯೇ ಅದನ್ನು ಒಪ್ಪಿಕೊಂಡದ್ದಕ್ಕೆ ನಾನು ಸಾಕ್ಷಿ.

ಎಪ್ಪತ್ತರ ದಶಕದ ಕೊನೆಗೆ, ಇನ್ನೂ ಹುಡುಗಿಯಾಗಿದ್ದ ನಾನು ಕಾಲೇಜಿಗೆಂದು ಬೆಟಗೇರಿಯ ಅತ್ತೆಯ ಮನೆ ಸೇರಿದ್ದೆ. ತ್ಯಾಗಕ್ಕೊಂದು ಕುಸ್ತಿ ಕಣವಿದ್ದಿದ್ದರೆ ಇಡೀ ಧಾರವಾಡ ಜಿಲ್ಲೆಗೆ ಅತ್ತೆಯೇ ಪೈಲ್ವಾನಳು! ಮಾವಿನ ಹಣ್ಣು ತಂದರೆ ಹೋಳೆಲ್ಲ ನಮಗೆ, ಗೊರಟೆ ಆಕೆಗೆ. "ನನಗ ಗೊರಟಾನ ಸೇರತೈತಿ" ಎನ್ನುವಳು. ಒಮ್ಮೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಮುದುಕಿಯೊಬ್ಬಳಿಗೆ ಸೀಟು ಬಿಟ್ಟುಕೊಟ್ಟಳು. ಮುದುಕಿ ಶಿರಹಟ್ಟಿ ಕಡೆಯವಳು, ಜೊತೆಗೊಂದು ದೊಡ್ಡ ಕುಂಬಳಕಾಯಿ. ಪಕ್ಕದ ಸೀಟು ಖಾಲಿಯಾದಾಗ ಅತ್ತೆ ಅಲ್ಲಿ ಕುಂಬಳಕಾಯಿಯನ್ನು ಕೂಡಿಸಿ, ತಾನು ಊರು ಬರುವವರೆಗೆ ಕಂಬ ಹಿಡಿದು ನಿಂತಳು!

ರೊಟ್ಟಿಯ ಕಥೆಯೂ ಅದೇ. ಉಬ್ಬಿದ ಬಿಸಿ ರೊಟ್ಟಿ ಮಾವನಿಗೆ, ಆಮೇಲೆ ಮಕ್ಕಳಿಗೆ, ನನಗೆ. ಹರಿದದ್ದು, ಸೀದದ್ದು, ಆರಿದ್ದು ಅತ್ತೆಗೆ. ಅಷ್ಟರಲ್ಲಿ ಯಾರಾದರೂ ಬಂದರೆ ಅದೂ ಇಲ್ಲ.

ಒಂದು ದಿನ ನಲ್ಲಿಯ ಹತ್ತಿರ ತಲೆಸುತ್ತಿ ಬಿದ್ದಳು. ಎಚ್ಚರಾದೊಡನೆ ಕೇಳಿದ್ದೇನು? "ಕೊಡ ನೆಗ್ಗಲಿಲ್ಲಲ್ಲ?"

ಡಾಕ್ಟರು ಗದರಿದರು: "ಮೈಯಾಗ ರಕ್ತಾನ ಇಲ್ಲ ಯವ್ವಾ. ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲಂದ್ರ ನೀ ಉಳಿಯೂದಿಲ್ಲ ನೋಡು."

ಅತ್ತೆ ಹೂಂಗುಟ್ಟಿ ಟಾನಿಕ್ ಬಾಟಲಿ ತಂದಳು. ಮಾವ ಸೊರಗಿದ್ದಾನೆಂದು ಅವನಿಗೇ ಕುಡಿಸಿದಳು. ತಿಂಗಳೊಳಗೆ ಮಾವನ ಕೆನ್ನೆ ಕೆಂಪಾಯಿತು. ನನಗೆ ಸಿಟ್ಟು, ಅದಕ್ಕಿಂತ ಹೆಚ್ಚು ಹೆದರಿಕೆ.

ಆಕೆಯನ್ನು ಉಳಿಸಿದ್ದು ಶ್ರಾವಣದ ಪ್ರವಚನ. ಕೊರಳಲ್ಲಿರುವ ಇಷ್ಟಲಿಂಗಕ್ಕೆ ಅರ್ಪಿಸದೆ ಏನನ್ನೂ ಉಣ್ಣಬಾರದೆಂದು ಮಠದ ಅಜ್ಜಾರು ಹೇಳಿದರಂತೆ. ಹೊಸದೇನಲ್ಲ, ಅತ್ತೆ ದಿನಾ ಹಾಗೆಯೇ ಉಣ್ಣುತ್ತಿದ್ದಳು. ಆದರೆ ಅಂದು ಎಲ್ಲರ ಕಣ್ಣೆದುರೇ ಸೀದ ರೊಟ್ಟಿಯ ತುಣುಕನ್ನು ಲಿಂಗಕ್ಕೆ ತೋರಿಸಹೋದ ಕೈ ಅಲ್ಲೇ ನಿಂತಿತು.

"ಅಯ್ಯ ಶಿವನ! ಇಷ್ಟ್ ವರ್ಷ ನಿನಗ ಇದನ್ನ, ಅದೂ ಅರೆಹೊಟ್ಟಿ ಉಣಿಸೇನೇನೋ!"

ಮರುದಿನ ಮಧ್ಯಾಹ್ನ ನನ್ನನ್ನು ಒಲೆಯ ಮುಂದೆ ಕೂಡಿಸಿ, ತಾನು ತಾಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಕುಳಿತಳು. ಮನೆಯಲ್ಲಿ ಭೂಕಂಪ!

"ಗಂಡಸರು ಉಣ್ಣೂಕಿಂತ ಮೊದಲ ಉಣ್ತಿ? ಇದ್ಯಾವ ಶಾಸ್ತ್ರಲೇ?" ಮಾವ ಗುಡುಗಿದ.

"ನನ್ನ ಹಸಿವಿ ಎಷ್ಟೊತ್ತರ ತಡೀತೈತ್ರಿ. ಶಿವಾ ಹಸದಾನ. ಕಾಯಿ ಅಂತ ನೀವ ಅವಗ ಹೇಳ್ರಿ" ಎಂದು ಅತ್ತೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಮಾವನ ಮುಂದೆ ಹಿಡಿದಳು.

ಹಣೆ ತುಂಬ ವಿಭೂತಿ ಬಳಿದುಕೊಂಡ ಮನುಷ್ಯ ರೂಢಿಯಂತೆ ಲಿಂಗಕ್ಕೆ ಕೈ ಮುಗಿದ. ಕೆಮ್ಮಿದ, ಹೊರಗೆ ಕಟ್ಟೆಗೆ ಹೋಗಿ ಕುಳಿತ.

ನಾನು ಬಡಿದ ರೊಟ್ಟಿ ದುಂಡಗಿರಲಿಲ್ಲ, ಬಿಸಿಯಾಗಿತ್ತು. ಬೆಣ್ಣೆ ಹಚ್ಚಿ ಬಡಿಸಿದೆ. ಅತ್ತೆ ಲಿಂಗಕ್ಕೆ ಅರ್ಪಿಸಿ ಬಾಯಿಗಿಟ್ಟಳು. ಕಣ್ಣಲ್ಲಿ ನೀರು.

"ಯಾಕ ಅತ್ತಿ, ಸುಡ್ತೇನು?"

"ಇಲ್ಲ ಯವ್ವಾ. ಲಗ್ನ ಆಗಿ ಬಂದ ಮ್ಯಾಲೆ ನನಗ ಯಾರೂ ರೊಟ್ಟಿ ಬಡದು ಕೊಟ್ಟಿರಲಿಲ್ಲ."

ನನಗೂ ಹೆಂಚು ಕಾಣದಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿಗೆ ಹಿಟ್ಟು ನಾದಿದೆ. ಅತ್ತೆ ಸಾಕು ಎನ್ನಲಿಲ್ಲ.